ಗುರುವಾರ ಹನ್ನೊಂದು ಐವತ್ತರ ನಂಬರು

ಪುಣೆಯ ಬಿಬವೇವಾಡಿಯ ಡಾಕ್ಟರ್ ಸಬನೀಸರ ದವಾಖಾನೆಗೆ ಯಾರೇ ಹೋಗಲಿ, ಇಪ್ಪತ್ನಾಲ್ಕು ವರ್ಷ ಅವರಿಗೆ ಮೊದಲು ಕಾಣುತ್ತಿದ್ದವರು ಡಾಕ್ಟರಲ್ಲ, ನರ್ಮದಾಬಾಯಿ. ಬಾಗಿಲ ಪಕ್ಕದಲ್ಲಿ ಸಣ್ಣದೊಂದು ಮೇಜು, ಅದರ ಮೇಲೆ ಹೆಸರು ಬರೆಯುವ ವಹಿ, ದಾರ ಕಟ್ಟಿದ ಪೆನ್ನು, ಬೆನ್ನ ಹಿಂದಿನ ಕಪಾಟಿನಲ್ಲಿ ಅಡ್ಡಹೆಸರಿನ ಪ್ರಕಾರ ಜೋಡಿಸಿದ ಕೇಸ್ ಪೇಪರುಗಳು. ಬಂದವರ ಹೆಸರನ್ನು ಅವಳು ಕೇಳುತ್ತಿದ್ದದ್ದು ಕಡಿಮೆ. ಮನೆಯವರೆಲ್ಲರ ಹೆಸರೂ ಕಾಯಿಲೆಯೂ ಅವಳಿಗೆ ಬಾಯಿಪಾಠವಾಗಿತ್ತು. ಚಪ್ಪಲಿ ಬಿಡುವುದರೊಳಗೆ ಕೇಸ್ ಪೇಪರು ಮೇಜಿನ ಮೇಲೆ ಬಂದಿರುತ್ತಿತ್ತು.

ಗದಗಿನ ಕಡೆಯ ಹುಡುಗಿ. ಪುಣೆಗೆ ಸೊಸೆಯಾಗಿ ಬಂದಾಗ ಮರಾಠಿಯಲ್ಲಿ ನೀರು ಕೇಳಲೂ ಬರುತ್ತಿರಲಿಲ್ಲವಂತೆ. ಗಂಡ ಅವಧೂತ ಒಂದು ಕಾಲೇಜಿನ ರಸಾಯನಶಾಸ್ತ್ರದ ಪ್ರಯೋಗಶಾಲೆಯಲ್ಲಿ ಸಹಾಯಕನಾಗಿದ್ದ. ಮಗಳು ನೀಲಿಮಾ ಶಾಲೆಗೆ ಹೋಗಲು ಶುರುಮಾಡಿದ ವರ್ಷ ನರ್ಮದಾ ದವಾಖಾನೆಗೆ ಸೇರಿಕೊಂಡಳು. ಮರಾಠಿ ಕಲಿತದ್ದು ಅಲ್ಲೇ, ರೋಗಿಗಳ ಬಾಯಿಂದ. ಹಾಗಾಗಿ ಅವಳ ಮರಾಠಿಯಲ್ಲಿ ಕೆಮ್ಮು, ಜ್ವರ, ಉರಿ, ಸೆಳೆತಗಳ ಮಾತುಗಳೇ ಜಾಸ್ತಿ ಎಂದು ಅವಧೂತ ನಗುತ್ತಿದ್ದ.

ಅಲ್ಲಿ ಅವಳಿಗೊಂದು ನಿಯಮವಿತ್ತು. ಮೊದಲು ಬಂದವರಿಗೆ ಮೊದಲ ನಂಬರು. ಕಾರಿನಲ್ಲಿ ಬಂದವರಿಗೂ ಅದೇ, ಮಾರ್ಕೆಟ್ ಯಾರ್ಡಿನ ಹಮಾಲರಿಗೂ ಅದೇ. ಡಾಕ್ಟರ ಮನೆಗೆ ಫೋನು ಮಾಡಿ ನಂಬರು ಹಿಡಿಯುವವರನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ. ಅಂಥವರನ್ನು ಎಲ್ಲರೆದುರೇ ಬೈದು ಸಾಲಿನ ಕೊನೆಗೆ ಕೂರಿಸುತ್ತಿದ್ದಳು. ಆದರೆ ಆ ನಿಯಮವನ್ನು ಅವಳೇ ದಿನಕ್ಕೆ ಒಂದೆರಡು ಸಲ ಮುರಿಯುತ್ತಿದ್ದಳು. ಬೆಂಚಿನ ಮೇಲೆ ಕೂತವರ ಮುಖಗಳನ್ನು ಆಗಾಗ ಒಮ್ಮೆ ಈ ತುದಿಯಿಂದ ಆ ತುದಿಯವರೆಗೆ ನೋಡುವಳು. ಯಾರದೋ ತುಟಿಯ ಬಣ್ಣ, ಯಾರೋ ಗೋಡೆಗೆ ತಲೆ ಒರಗಿಸಿದ ರೀತಿ ಅವಳಿಗೆ ಸರಿಕಾಣದಿದ್ದರೆ ಎದ್ದು ಹೋಗಿ ಡಾಕ್ಟರ ಕಿವಿಯಲ್ಲಿ ಹೇಳಿ ಅವರನ್ನು ಮೊದಲು ಕಳಿಸುವಳು. ಉಳಿದವರು ಜಗಳ ತೆಗೆದರೆ ತುಟಿಪಿಟಕ್ಕೆನ್ನದೆ ಕೂತುಬಿಡುವಳು. ಹದಿನೇಳನೇ ನಂಬರಿನ ಒಬ್ಬ ರಿಕ್ಷಾದವನನ್ನು ಹೀಗೆ ಎರಡನೆಯವನಾಗಿ ಕಳಿಸಿದಾಗ ಡಾಕ್ಟರು ಅವನನ್ನು ನೇರ ಆಸ್ಪತ್ರೆಗೆ ಸಾಗಿಸಿದ್ದರು. ಅವನು ಆಮೇಲೆ ಎಷ್ಟೋ ವರ್ಷ ದೀಪಾವಳಿಗೆ ಚಕ್ಕುಲಿ ತಂದುಕೊಡುತ್ತಿದ್ದ.

ಡಾಕ್ಟರ ಮೊಣಕಾಲು ಹೋಯಿತು, ಕಿವಿಯೂ ಮಂದವಾಯಿತು. ದವಾಖಾನೆಯನ್ನು ಅಕ್ಕನ ಮಗ ಡಾಕ್ಟರ್ ರಾಜೀವನಿಗೆ ವಹಿಸಿ ಅವರು ಮನೆಯಲ್ಲಿ ಕೂತರು. ರಾಜೀವ ಕೆಟ್ಟವನಲ್ಲ, ಕಲಿತವನು, ಕೈಗುಣವೂ ಇತ್ತು. ಆದರೆ ಅವನು ಮಧ್ಯಾಹ್ನ ಬೇರೊಂದು ಆಸ್ಪತ್ರೆಗೂ ಹೋಗಬೇಕಾಗಿದ್ದರಿಂದ ಅವನ ಸಮಯವೆಲ್ಲ ಗಡಿಯಾರಕ್ಕೆ ಕಟ್ಟಿದ್ದು. ದವಾಖಾನೆಗೆ ಹೊಸ ಬಣ್ಣ ಬಂತು, ಗಾಜಿನ ಬಾಗಿಲು ಬಂತು, ಕಂಪ್ಯೂಟರ್ ಬಂತು. ನಂಬರು ಚೀಟಿ ನಿಂತು ಮೊಬೈಲಿನ ಆ್ಯಪ್ ಬಂತು. ನರ್ಮದಾಬಾಯಿಗೆ ಒಂದು ರೇಷ್ಮೆ ಸೀರೆ, ಶಾಲು ಕೊಟ್ಟು ಕಳಿಸಿದರು. ಅವಳು ಬೇಜಾರು ಮಾಡಿಕೊಳ್ಳಲಿಲ್ಲ. ಅರವತ್ತು ದಾಟಿತ್ತು, ಬಿ.ಪಿ. ಇತ್ತು, ಅವಧೂತನೂ ನಿವೃತ್ತನಾಗಿ ಮನೆಯಲ್ಲಿದ್ದ. ಇನ್ನು ಇಬ್ಬರೂ ಮಧ್ಯಾಹ್ನದ ಊಟ ಒಟ್ಟಿಗೆ ಮಾಡಬಹುದಲ್ಲ ಎಂದುಕೊಂಡಳು.

ಹಾಗೆ ಮೂರು ವರ್ಷ ಒಟ್ಟಿಗೆ ಊಟ ಮಾಡಿದರು.

ಹೋದ ಫೆಬ್ರವರಿಯ ಒಂದು ಭಾನುವಾರ ಇಬ್ಬರೂ ತರಕಾರಿ ತಂದು ಮನೆಯ ಮೆಟ್ಟಿಲು ಹತ್ತುತ್ತಿದ್ದರು. ಮೂರನೇ ಮಹಡಿಯ ಮನೆ, ಲಿಫ್ಟ್ ಇಲ್ಲ. ಎರಡನೇ ಮಹಡಿಯಲ್ಲಿ ಅವಧೂತ ನಿಂತ. ಸೊಸೈಟಿಯ ನೋಟೀಸು ಓದುವವನಂತೆ ಗೋಡೆಯ ಕಡೆ ತಿರುಗಿ, ಎಡ ದವಡೆಯನ್ನು ಅಂಗೈಯಿಂದ ಒತ್ತಿ ಹಿಡಿದಿದ್ದ. ಏನಾಯಿತೆಂದು ಕೇಳಿದ್ದಕ್ಕೆ ಹಲ್ಲು ಎಂದ. ರಾತ್ರಿ ಊಟದ ಹೊತ್ತಿಗೆ ಪಿತ್ತ ಎಂದ. ನಾಲ್ಕೈದು ದಿನದಿಂದ ಹೀಗೇ ಬಂದು ಹೋಗುತ್ತಿದೆ, ನಿಂತರೆ ಕಡಿಮೆಯಾಗುತ್ತದೆ ಎಂದೂ ಹೇಳಿದ. ನಾಳೆ ಡಾಕ್ಟರಿಗೆ ತೋರಿಸೋಣ ಎಂದಳು ನರ್ಮದಾ. ಅವನು ಹೂಂ ಎಂದ. ಡಾಕ್ಟರ ಮಾತೆತ್ತಿದರೆ ನಾಲ್ಕು ಸಲ ಬೇಡ ಎನ್ನುವ ಮನುಷ್ಯ ಒಂದೇ ಸಲಕ್ಕೆ ಹೂಂ ಎಂದದ್ದನ್ನು ಅವಳು ಆವತ್ತು ಗಮನಿಸಲಿಲ್ಲ.

ಸೋಮವಾರ ಬೆಳಿಗ್ಗೆ ಎಂಟಕ್ಕೆ ಫೋನು ಮಾಡಿದಳು. ಎಂಗೇಜ್. ಎಂಟೂ ಐದಕ್ಕೆ, ಎಂಟೂ ಹತ್ತಕ್ಕೆ ಮಾಡಿದಳು. ಕೊನೆಗೆ ಹತ್ತಿದಾಗ ಹೆಣ್ಣು ಧ್ವನಿಯೊಂದು ಮರಾಠಿಗೆ ಒಂದು ಒತ್ತಿ, ಹಿಂದಿಗೆ ಎರಡು ಒತ್ತಿ ಎಂದಿತು. ಒಂದನ್ನು ಒತ್ತಿದಳು. ಹಳೆಯ ರೋಗಿಯಾದರೆ ಇಷ್ಟು, ಹೊಸಬರಾದರೆ ಇಷ್ಟು ಎಂದಿತು. ಅದನ್ನೂ ಒತ್ತಿದಳು. ನೀವು ಸಾಲಿನಲ್ಲಿ ಒಂಬತ್ತನೆಯವರು ಎಂದು ಹೇಳಿ ಸಂಗೀತ ಶುರುವಾಯಿತು. ಒಲೆಯ ಮೇಲಿನ ಹಾಲು ಇಳಿಸಿ, ಒಗ್ಗರಣೆ ಹಾಕಿ, ಫೋನನ್ನು ಹೆಗಲಿಗೂ ಕಿವಿಗೂ ನಡುವೆ ಸಿಕ್ಕಿಸಿಕೊಂಡೇ ಉಪ್ಪಿಟ್ಟು ಮಾಡಿದಳು. ಒಂಬತ್ತು ಆರಾಯಿತು, ಆರು ಮೂರಾಯಿತು. ಮೂರರಲ್ಲಿ ಫೋನು ಕಟ್ಟಾಯಿತು. ಮತ್ತೆ ಮಾಡಿದರೆ ಹದಿನಾಲ್ಕನೆಯವಳು. ಅಲ್ಲಿಂದ ಒಂದಕ್ಕೆ ಬರುವ ಹೊತ್ತಿಗೆ ಒಂಬತ್ತೂವರೆಯಾಗಿತ್ತು. ಇವತ್ತಿನದೂ ನಾಳೆಯದೂ ತುಂಬಿದೆ, ನಾಡಿದ್ದಿನದಕ್ಕೆ ನಾಳೆ ಎಂಟಕ್ಕೆ ಫೋನು ಮಾಡಿ, ಇಲ್ಲವೇ ಆ್ಯಪ್‌ನಲ್ಲಿ ನೋಡಿ ಎಂಬ ಉತ್ತರ ಬಂತು.

ಆ್ಯಪನ್ನು ಮೂರು ವರ್ಷದ ಹಿಂದೆಯೇ ನೀಲಿಮಾ ಅವ್ವನ ಫೋನಿಗೆ ಹಾಕಿಕೊಟ್ಟಿದ್ದಳು. ಮಂಗಳವಾರ ಬೆಳಿಗ್ಗೆ ನರ್ಮದಾ ಕನ್ನಡಕ ಹಾಕಿಕೊಂಡು ಅದನ್ನು ತೆರೆದಳು. ಅದು ಒಂದು ನಂಬರು ಕಳಿಸಿ, ಆ ನಂಬರು ಹಾಕಿ ಎಂದಿತು. ನಂಬರು ಬಂದದ್ದು ನೀಲಿಮಾಳ ಫೋನಿಗೆ. ಪುಣೆಯ ಇನ್ನೊಂದು ತುದಿಯ ವಾಕಡದಲ್ಲಿದ್ದ ಮಗಳಿಗೆ ಫೋನು ಹಚ್ಚಿ ಕೇಳಿ ಹಾಕುವುದರೊಳಗೆ ಅದರ ಅವಧಿ ಮುಗಿಯಿತು. ಎರಡನೇ ಸಲ ಒಳಗೆ ಹೋದಳು. ಅವಧೂತನ ಹೆಸರು ಎರಡು ಥರ ಇಂಗ್ಲಿಷ್ ಅಕ್ಷರದಲ್ಲಿ ಎರಡು ಕಡೆ ಇತ್ತು. ಒಂದರಲ್ಲಿ ಅವನ ವಯಸ್ಸು ಆರು. ಇನ್ನೊಂದನ್ನು ಮುಟ್ಟಿದರೆ ಮೂರು ದಿನದ ಎಲ್ಲ ಸಮಯಗಳೂ ಬೂದು ಬಣ್ಣದಲ್ಲಿದ್ದವು. ಹಸಿರು ಇದ್ದರೆ ಮಾತ್ರ ಸಿಗುತ್ತದೆ ಎಂದು ನೀಲಿಮಾ ಹೇಳಿದ್ದಳು. ನರ್ಮದಾ ಹಸಿರು ಹುಡುಕುತ್ತ ಬೆರಳಿನಿಂದ ಪರದೆಯನ್ನು ಮೇಲೆ ಕೆಳಗೆ ಸರಿಸುತ್ತ ತುಂಬ ಹೊತ್ತು ಕೂತಳು.

ಫೋನಿನಲ್ಲಿ ವಿಷಯ ಕೇಳಿದ ನೀಲಿಮಾ ಗಾಬರಿಯಾಗಿ, ಅಪ್ಪನನ್ನು ಸೀದಾ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ ಎಂದಳು. ಅವಧೂತ ಒಪ್ಪಲಿಲ್ಲ. ಅಲ್ಲಿ ಹೋದರೆ ತಲೆಯಿಂದ ಕಾಲಿನವರೆಗೆ ಪರೀಕ್ಷೆ ಮಾಡಿ ಎರಡು ದಿನ ಮಲಗಿಸುತ್ತಾರೆ, ನಮ್ಮ ದವಾಖಾನೆಯಲ್ಲಿ ಮೂವತ್ತು ವರ್ಷದ ಕಾಗದ ಇದೆ, ಮೊದಲು ಅಲ್ಲಿ ತೋರಿಸಿ ಅವರು ಹೋಗೆಂದರೆ ಹೋಗುತ್ತೇನೆ ಎಂದ. ನರ್ಮದಾಳಿಗೂ ಅದೇ ಸರಿಯೆನಿಸಿತು. ಅವಳ ಮಟ್ಟಿಗೆ ಎಲ್ಲ ಕಾಯಿಲೆಯೂ ಆ ಬಾಗಿಲಿನಿಂದಲೇ ಶುರುವಾಗಬೇಕು.

ಅವಳು ಒಬ್ಬಳೇ ದವಾಖಾನೆಗೆ ನಡೆದು ಹೋದಳು. ತನ್ನ ಮೇಜಿದ್ದ ಜಾಗದಲ್ಲಿ ಎತ್ತರದ ಕೌಂಟರು, ಅದರ ಹಿಂದೆ ಒಂದು ಹುಡುಗಿ. ಎದೆಯ ಮೇಲೆ ಅಪೇಕ್ಷಾ ಎಂದು ಬರೆದ ಪಟ್ಟಿ. ನರ್ಮದಾ ಮರಾಠಿಯಲ್ಲಿ ಕೇಳಿದಳು, ಹುಡುಗಿ ಮರಾಠಿಯಲ್ಲಿ ಆಗುವುದಿಲ್ಲ ಎಂದಳು. ಅಷ್ಟರಲ್ಲಿ ಅವಧೂತನ ಫೋನು ಬಂತು. ಬರುವಾಗ ಈನೋ ತಾ ಎಂದು ಅವನು, ತರುತ್ತೇನೆ ಮಲಗಿರಿ ಎಂದು ಇವಳು ಕನ್ನಡದಲ್ಲಿ ಆಡಿದ್ದನ್ನು ಕೇಳಿ ಹುಡುಗಿ ತಲೆ ಎತ್ತಿ ಕನ್ನಡಕ್ಕೆ ತಿರುಗಿದಳು. ಕುಂದಾಪುರದ ಕಡೆಯವರು, ಅವಳ ಅಪ್ಪ ಇಲ್ಲೇ ಹೋಟೆಲು ನಡೆಸುತ್ತಾರೆ.

"ಆಂಟಿ, ನನ್ನ ಕೈಯಲ್ಲಿ ಏನೂ ಇಲ್ಲ," ಎಂದಳು ಅಪೇಕ್ಷಾ. "ಇದರಲ್ಲಿ ಹೆಸರು ಬಂದ್ರೆ ಮಾತ್ರ ಒಳಗೆ ಬಿಡ್ಲಿಕ್ಕೆ ಆಗುವುದು. ಡಾಕ್ಟರಿಗೂ ಒಳಗೆ ಇದೇ ಕಾಣುವುದು."

ಹೊರಗಿನ ಎಂಟು ಕುರ್ಚಿಗಳಲ್ಲಿ ಐದು ಖಾಲಿ ಇದ್ದವು. ನಂಬರು ಹಿಡಿದವರು ಇನ್ನೂ ಬಂದಿರಲಿಲ್ಲ. ಖಾಲಿ ಕುರ್ಚಿ ಇಟ್ಟುಕೊಂಡು ಆಗುವುದಿಲ್ಲ ಎನ್ನುವುದು ಹೇಗೆ ಎಂದು ನರ್ಮದಾಳಿಗೆ ತಿಳಿಯಲಿಲ್ಲ. ತಾನು ಯಾರು ಎಂದು ಹೇಳಬಹುದಿತ್ತು. ಇದೇ ಜಾಗದಲ್ಲಿ ಇಪ್ಪತ್ನಾಲ್ಕು ವರ್ಷ ಕೂತವಳು ಎಂದರೆ ಆ ಹುಡುಗಿ ಏನಾದರೂ ಮಾಡುತ್ತಿದ್ದಳೇನೋ. ಆದರೆ ಹೇಳಲಿಲ್ಲ. ಹಾಗೆ ಹೇಳಿಕೊಂಡು ಬಂದವರನ್ನೆಲ್ಲ ಅವಳು ಹಿಂದೆ ಕಳಿಸಿದ್ದಳು. ಚೀಲದೊಳಗಿನ ಸಣ್ಣ ಪುಸ್ತಕದಲ್ಲಿ ಹಳೆಯ ಡಾಕ್ಟರ ಮನೆಯ ನಂಬರೂ ಇತ್ತು. ರಸ್ತೆಯಲ್ಲಿ ನಿಂತು ಆ ಪುಟ ತೆಗೆದಳು. ಮತ್ತೆ ಮುಚ್ಚಿ, ಔಷಧಿ ಅಂಗಡಿಗೆ ಹೋಗಿ ಈನೋ ಕೊಂಡು ಮನೆಗೆ ಬಂದಳು.

ಬುಧವಾರ ಎಂಟು ಗಂಟೆಗೆ ಸರಿಯಾಗಿ ನೀಲಿಮಾ ಕಚೇರಿಯ ಬಸ್ಸಿನಲ್ಲಿ ಕೂತೇ ಆ್ಯಪ್ ತೆರೆದು ಒಂದು ಹಸಿರನ್ನು ಹಿಡಿದಳು. ಗುರುವಾರ ಹನ್ನೊಂದು ಐವತ್ತು. ಅವ್ವನಿಗೆ ಫೋನು ಮಾಡಿ ಹೇಳಿದಾಗ ನರ್ಮದಾ ಅದನ್ನು ಕ್ಯಾಲೆಂಡರಿನ ಮೇಲೆ ಬರೆದಿಟ್ಟಳು. ಆ ದಿನ ಅವಧೂತನಿಗೆ ನೋವು ಬರಲಿಲ್ಲ. ಸುಮ್ಮನೆ ನಂಬರು ಹಿಡಿದದ್ದಾಯಿತು ನೋಡು ಎಂದು ನಕ್ಕ.

ಗುರುವಾರ ಹನ್ನೊಂದೂ ಕಾಲಿಗೇ ಇಬ್ಬರೂ ಹೋಗಿ ಕೂತರು. ಅವಧೂತ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದ. ಒಳಗಿನವರು ತಡಮಾಡುತ್ತಿದ್ದರು. ಹನ್ನೊಂದು ಐವತ್ತಾಯಿತು, ಹನ್ನೆರಡಾಯಿತು. ಹನ್ನೆರಡೂ ಹತ್ತಕ್ಕೆ ಅಪೇಕ್ಷಾ ಕೌಂಟರಿನ ಮೇಲೆ ಬಾಗಿ, ಡಾಕ್ಟರು ಹನ್ನೆರಡೂಕಾಲಿಗೆ ಹೊರಡಬೇಕು, ಇನ್ನೊಬ್ಬರನ್ನು ಮಾತ್ರ ನೋಡುತ್ತಾರೆ, ನಿಮ್ಮದೇ ಹೆಸರು ಎಂದು ಮೆಲ್ಲಗೆ ಹೇಳಿದಳು. ನರ್ಮದಾ ಚೀಲದಿಂದ ಹಳೆಯ ವರದಿಗಳನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡಳು.

ಆಗ ಗಾಜಿನ ಬಾಗಿಲು ತಳ್ಳಿಕೊಂಡು ಒಬ್ಬ ಹೆಂಗಸು ಬಂದಳು. ಎದುರಿಗೆ ಕಟ್ಟುತ್ತಿದ್ದ ಕಟ್ಟಡದಲ್ಲಿ ಕೆಲಸ ಮಾಡುವವಳಿರಬೇಕು, ಸೀರೆಯ ತುಂಬ ಸಿಮೆಂಟಿನ ಧೂಳು. ಹೆಗಲ ಮೇಲೆ ಏಳೆಂಟು ತಿಂಗಳ ಕೂಸು. ಹಿಂದಿಯಲ್ಲಿ ಏನೋ ಕೇಳಿದಳು. ಅಪೇಕ್ಷಾ ಅಪಾಯಿಂಟ್‌ಮೆಂಟ್ ಇದೆಯೇ ಎಂದು ಕೇಳಿ, ಇಲ್ಲವೆಂದ ಮೇಲೆ ಸಂಜೆ ಬಂದು ಕೇಳು ಎಂದಳು. ಹೆಂಗಸು ಹೋಗದೆ ನಿಂತೇ ಇದ್ದಳು.

ನರ್ಮದಾ ಎದ್ದು ಹತ್ತಿರ ಹೋದಳು. ಅಳುವ ಮಗುವಿಗೆ ಅವಳು ಎಂದೂ ಹೆದರಿದವಳಲ್ಲ. ಈ ಮಗು ಅಳುತ್ತಿರಲಿಲ್ಲ. ಕಣ್ಣು ಅರ್ಧ ತೆರೆದಿತ್ತು, ಕಣ್ಣ ಕೆಳಗೆ ಗುಳಿ ಬಿದ್ದಿತ್ತು, ತುಟಿ ಒಣಗಿ ಬೆಳ್ಳಗಾಗಿತ್ತು. ಕೈ ಎತ್ತಿ ಬಿಟ್ಟರೆ ಬಟ್ಟೆಯ ಹಾಗೆ ಕೆಳಗೆ ಬಿತ್ತು.

"ಈ ಕೂಸಿನ್ನ ಈಗಿಂದೀಗ ಒಳಗ ಕಳಸವಾ," ಎಂದಳು ಅಪೇಕ್ಷಾಳಿಗೆ. "ಸಂಜಿತನಕ ಇರೂದಿಲ್ಲ ಇದು."

ಅಪೇಕ್ಷಾ ಹೆದರಿದಳು. ಪರದೆ ನೋಡಿದಳು, ಗಡಿಯಾರ ನೋಡಿದಳು. "ಕಳಿಸಬಹುದು ಆಂಟಿ, ನಿಮ್ಮ ಜಾಗದಲ್ಲಿ. ಮತ್ತೆ ಅಂಕಲ್‌ಗೆ ಇವತ್ತು ಆಗುವುದಿಲ್ಲ, ಸಂಜೆಯದೂ ತುಂಬಿದೆ."

ನರ್ಮದಾ ಗಂಡನ ಕಡೆ ತಿರುಗಿದಳು. ಅವನು ಕುರ್ಚಿಯಲ್ಲಿ ಕೂತಲ್ಲಿಂದಲೇ ಎಲ್ಲ ಕೇಳಿಸಿಕೊಂಡಿದ್ದ.

"ಕೂಸು ಹೋಗ್ಲಿ," ಎಂದ. "ನಂದೇನ್ ಗಡಿಬಿಡಿ ಇಲ್ಲ."

ಹಿಂದಿನ ದಿನಗಳಾಗಿದ್ದರೆ ಇಬ್ಬರೂ ಒಳಗೆ ಹೋಗುತ್ತಿದ್ದರು. ಡಾಕ್ಟರ್ ಸಬನೀಸರು ಎದ್ದು ನಿಂತರೂ ನರ್ಮದಾ ಬಾಗಿಲಿಗೆ ಅಡ್ಡ ನಿಂತು ಇನ್ನೊಬ್ಬರಿದ್ದಾರೆ ಎನ್ನುತ್ತಿದ್ದಳು. ಈಗ ಅವಳು ಮತ್ತೆ ಬಂದು ಕುರ್ಚಿಯಲ್ಲಿ ಕೂತಳು. ಎರಡೇ ನಿಮಿಷದಲ್ಲಿ ಒಳಬಾಗಿಲು ತೆರೆಯಿತು. ಡಾಕ್ಟರ್ ರಾಜೀವ ತಾನೇ ಮಗುವನ್ನು ಎತ್ತಿಕೊಂಡು, ಕಾರಿನ ಕೀ ಬೆರಳಿಗೆ ಸಿಕ್ಕಿಸಿಕೊಂಡು ಹೊರಬಂದ. ತಾಯಿ ಹಿಂದೆ ಓಡಿದಳು. ಮಕ್ಕಳ ಆಸ್ಪತ್ರೆಗೆ ತಾನೇ ಬಿಟ್ಟು ಮುಂದೆ ಹೋಗುತ್ತೇನೆ ಎಂದು ಅಪೇಕ್ಷಾಳಿಗೆ ಹೇಳಿದ. ಹಾದು ಹೋಗುವಾಗ ಅವಧೂತನನ್ನು ಕಂಡು ಗುರುತಿನ ನಗೆ ನಕ್ಕು, ಏನು ಕಾಕಾ, ಆರಾಮಾ ಎಂದು ಮರಾಠಿಯಲ್ಲಿ ಕೇಳಿದ. ಅವಧೂತ ಅರ್ಧ ಎದ್ದು ನಿಂತು, ಆರಾಮ ಆರಾಮ ಎಂದ.

ನರ್ಮದಾ ಬಾಯಿ ತೆರೆಯುವಷ್ಟರಲ್ಲಿ ಗಾಜಿನ ಬಾಗಿಲು ಮುಚ್ಚಿಕೊಂಡಿತು. ಅವಧೂತನಿಗೆ ಆ ದವಾಖಾನೆಯಲ್ಲಿ ಆವತ್ತು ಸಿಕ್ಕ ತಪಾಸಣೆ ಅಷ್ಟೇ.

ಅಪೇಕ್ಷಾ ತಾನೇ ಕೂತು, ಅಲ್ಲಿ ಇಲ್ಲಿ ಒತ್ತಿ, ಶನಿವಾರ ಸಂಜೆ ಆರೂ ಇಪ್ಪತ್ತಕ್ಕೆ ಒಂದು ಜಾಗ ಹುಡುಕಿಕೊಟ್ಟಳು. ಬೇರೆಯವರಿಗೆ ಸೋಮವಾರದ ಮೊದಲು ಸಿಗುತ್ತಿರಲಿಲ್ಲ. ಇಬ್ಬರೂ ನಿಧಾನವಾಗಿ ಮನೆ ಕಡೆ ನಡೆದರು. ಅವಧೂತ ಖುಷಿಯಲ್ಲಿದ್ದ. "ನಿನ್ನ ಡ್ಯೂಟಿ ಇನ್ನೂ ಮುಗದಿಲ್ಲ ನೋಡು," ಎಂದ. ಅವಳಿಗೂ ಒಳಗೊಳಗೆ ಹೆಮ್ಮೆಯಾಗಿತ್ತು. ಆ ಹೆಮ್ಮೆಯನ್ನು ನೆನೆದೇ ಅವಳು ಮುಂದೆ ಎಷ್ಟೋ ದಿನ ಊಟ ಬಿಟ್ಟಳು. ಮೆಟ್ಟಿಲಲ್ಲಿ ಅವನು ಎರಡು ಸಲ ನಿಂತ. ಬೀಗ ತೆಗೆಯಲೆಂದು ಅವಳು ಮುಂದೆ ಹತ್ತಿಹೋಗಿದ್ದಳು, ಅವನ ಮುಖ ಅವಳಿಗೆ ಕಾಣಲಿಲ್ಲ.

ಶುಕ್ರವಾರ ಮಧ್ಯಾಹ್ನ ಊಟವಾದ ಮೇಲೆ ಅವಧೂತ ರಸ್ತೆ ಕಾಣುವ ಗ್ಯಾಲರಿಯಲ್ಲಿ ಕುರ್ಚಿ ಹಾಕಿಕೊಂಡು ಮೆಂತ್ಯ ಸೊಪ್ಪು ಬಿಡಿಸಲು ಕೂತ. ಆ ಕೆಲಸ ಅವನದೇ. ಪ್ರಯೋಗಶಾಲೆಯಲ್ಲಿ ತೂಕ ಮಾಡಿದ ಕೈ, ಒಂದು ದಂಟೂ ಎಲೆಯ ಜೊತೆ ಬರುತ್ತಿರಲಿಲ್ಲ. ನರ್ಮದಾ ಜೋಳ ಬೀಸಿಸಲು ಗಿರಣಿಗೆ ಹೋದಳು. ಗಿರಣಿಯಲ್ಲಿ ನಾಲ್ಕು ಜನರಿದ್ದರು. ಹಿಟ್ಟು ಮಾಡಿಸಿಕೊಂಡು ಬರುವಾಗ ಅರ್ಧ ಗಂಟೆ ಆಗಿರಬಹುದು.

ಬಾಗಿಲು ತೆಗೆದು ಒಳಬಂದಾಗ ಅವನು ಅದೇ ಕುರ್ಚಿಯಲ್ಲಿ ಗೋಡೆಗೆ ತಲೆ ಒರಗಿಸಿ ಕೂತಿದ್ದ. ಅಂಗಿ ಬೆವರಿನಿಂದ ಮೈಗೆ ಅಂಟಿತ್ತು. ಮುಖದ ಬಣ್ಣ ಬೂದಿಯಂತಾಗಿತ್ತು. ಅವಳನ್ನು ನೋಡಿ, "ನರ್ಮದಾ, ಕಿಡಕಿ ತಗೀ, ಗಾಳಿ ಬರವಲ್ತು," ಎಂದ. ಅವನು ಕೂತದ್ದು ತೆರೆದ ಗ್ಯಾಲರಿಯಲ್ಲಿ.

ಆ ಮುಖವನ್ನು ನೋಡಿದ ಕೂಡಲೇ ಅವಳಿಗೆ ಎಲ್ಲ ಗೊತ್ತಾಯಿತು. ಬೆಂಚಿನ ಮೇಲೆ ಕೂತ ಅಪರಿಚಿತರಲ್ಲಿ ಅವಳು ಅದನ್ನು ಎಷ್ಟು ಸಲ ಗುರುತಿಸಿದ್ದಳು. ಪಕ್ಕದ ಮನೆಯ ಇಂದೂಳನ್ನು ಕೂಗಿದಳು. ಇಂದೂ ಆ್ಯಂಬುಲೆನ್ಸಿಗೆ ಫೋನು ಮಾಡಿದಳು, ಕೆಳಗಿನ ಮನೆಯ ಇಬ್ಬರು ಗಂಡಸರು ಬಂದು ಅವನನ್ನು ಕುರ್ಚಿ ಸಮೇತ ಎತ್ತಿದರು. ಮೂರು ಮಹಡಿ ಇಳಿಯುವಾಗ ನರ್ಮದಾ ಅವನ ಕೈ ಬಿಡಲಿಲ್ಲ. ಮೊದಲ ಮಹಡಿಗೆ ಬರುವಷ್ಟರಲ್ಲಿ ಆ ಕೈ ಅವಳ ಕೈಯನ್ನು ಹಿಡಿಯುವುದನ್ನು ಬಿಟ್ಟಿತ್ತು.

ಆಸ್ಪತ್ರೆಯಲ್ಲಿ ಇಪ್ಪತ್ತು ನಿಮಿಷ ಪ್ರಯತ್ನಿಸಿದರು. ಆಮೇಲೆ ಹೊರಬಂದ ಡಾಕ್ಟರು ಇವರಿಗೆ ಎದೆ ಅಥವಾ ದವಡೆ ನೋವು ಏನಾದರೂ ಇತ್ತೇ ಎಂದು ಕೇಳಿದರು. ಹತ್ತು ದಿನದಿಂದ ಇತ್ತು ಎಂದಳು ನರ್ಮದಾ. ಯಾರಿಗೂ ತೋರಿಸಲಿಲ್ಲವೇ ಎಂದು ಅವರು ಕೇಳಿದರು. ನಾಳೆ ಆರೂ ಇಪ್ಪತ್ತಕ್ಕೆ ಇತ್ತು ಎಂದು ಹೇಳಿದಳಂತೆ. ಆ ಡಾಕ್ಟರಿಗೆ ಅದು ಅರ್ಥವಾಗಲಿಲ್ಲ.

ಶನಿವಾರ ಬೆಳಿಗ್ಗೆ ಅಂತ್ಯಕ್ರಿಯೆ ಮುಗಿಯಿತು. ಮಧ್ಯಾಹ್ನ ಮನೆಯಲ್ಲಿ ಅವ್ವ ಮಗಳು ಗೋಡೆಗೆ ಒರಗಿ ಕೂತಿದ್ದಾಗ ನೀಲಿಮಾಳ ಫೋನು ಸದ್ದು ಮಾಡಿತು. ಇಂದು ಸಂಜೆ ನಿಮ್ಮ ಸಮಯ ನಿಗದಿಯಾಗಿದೆ, ಹತ್ತು ನಿಮಿಷ ಮೊದಲು ಬನ್ನಿ ಎಂಬ ಸಂದೇಶ. ನೀಲಿಮಾ ಫೋನನ್ನು ಬೋರಲು ಹಾಕಿದಳು. ನರ್ಮದಾ ಏನೆಂದು ಕೇಳಿ ತಿಳಿದುಕೊಂಡಳು. ಅದನ್ನು ರದ್ದು ಮಾಡು, ಯಾರಾದರೂ ಕಾಯುತ್ತಿರುತ್ತಾರೆ ಎಂದಳು.

ನೀಲಿಮಾ ಒತ್ತಿದಳು. ಕಾರಣವೇನು ಎಂದು ಅದು ಕೇಳಿತು. ಕೆಳಗೆ ಮೂರು ಉತ್ತರಗಳು, ಅವುಗಳಲ್ಲಿ ಒಂದನ್ನು ಆರಿಸದೆ ಮುಂದೆ ಹೋಗುವಂತಿರಲಿಲ್ಲ. ಅವಳ ಬೆರಳು ಅಲ್ಲೇ ನಿಂತಿತು. ಓದು ಎಂದಳು ಅವ್ವ. ನೀಲಿಮಾ ಅಳುತ್ತಲೇ ಓದಿದಳು. ಊರಲ್ಲಿಲ್ಲ. ಈಗ ಆರಾಮಾಗಿದೆ. ಬೇರೆ ಸಮಯ ಬೇಕು.

"ಮೊದಲಿಂದು ಒತ್ತು," ಎಂದಳು ನರ್ಮದಾ.

ದುಃಖ ಸಿಟ್ಟಾಗಿ ತಿರುಗಿದಾಗ ನೀಲಿಮಾ ದವಾಖಾನೆಯ ಮೇಲೆ ದೂರು ಕೊಡುತ್ತೇನೆ ಎಂದು ಹೊರಟಳು. ಅವ್ವ ಬೇಡ ಎಂದಳು. ಯಾರ ಮೇಲೆ ಕೊಡುವುದು? ಆ ಹುಡುಗಿ ಇದ್ದ ನಿಯಮದಲ್ಲಿ ಆದಷ್ಟು ಮಾಡಿದಳು. ರಾಜೀವ ಡಾಕ್ಟರು ಕೂಲಿಯವಳ ಕೂಸನ್ನು ತಾವೇ ಎತ್ತಿಕೊಂಡು ಓಡಿದರು. ಯಾರನ್ನು ಬೈಯಲು ಹೋದರೂ ಕೊನೆಗೆ ಸುತ್ತಿ ತನ್ನ ಕಡೆಗೇ ಬರುತ್ತದೆ ಎಂದು ಅವಳಿಗೆ ಅನಿಸುತ್ತಿತ್ತು. ಆದರೆ ಇದನ್ನು ಅವಳು ಮಗಳ ಮುಂದೆ ಆಡಲಿಲ್ಲ.

ಹತ್ತನೆಯ ದಿನ ಅಪೇಕ್ಷಾ ಬಂದಳು. ವಿಷಯ ಅವಳಿಗೆ ತಡವಾಗಿ ತಿಳಿದಿತ್ತು. ಚಪ್ಪಲಿ ಬಿಟ್ಟು ಬಾಗಿಲಲ್ಲೇ ನಿಂತು ಅತ್ತಳು. ನರ್ಮದಾಳೇ ಅವಳನ್ನು ಒಳಗೆ ಕರೆದು ಕೂರಿಸಿ ಚಹಾ ಮಾಡಿಕೊಟ್ಟಳು. ಚಹಾ ಕುಡಿಯುತ್ತ ಹುಡುಗಿ, ಆ ಮಗು ಉಳಿಯಿತು, ಐದು ದಿನ ಇಟ್ಟುಕೊಂಡು ಮನೆಗೆ ಕಳಿಸಿದರು, ತಾಯಿ ನಿಮ್ಮನ್ನು ಹುಡುಕಿಕೊಂಡು ದವಾಖಾನೆಗೆ ಬಂದಿದ್ದಳು ಎಂದು ತಿಳಿಸಿದಳು. ನರ್ಮದಾ ಛಲೋ ಆತು ಎಂದಳು. ಅದು ಬರಿಯ ಬಾಯಿಮಾತಲ್ಲ, ನಿಜವಾಗಿಯೂ ಅವಳಿಗೆ ಸಮಾಧಾನವಾಗಿತ್ತು. ಹಾಗೆ ಸಮಾಧಾನವಾದದ್ದನ್ನೇ ತಡೆಯಲಾರದೆ ಖಾಲಿ ಕಪ್ಪು ತೆಗೆದುಕೊಂಡು ಅಡಿಗೆಮನೆಗೆ ಹೋದಳು. ಅಪೇಕ್ಷಾ ಹೋಗಿ ಬರುತ್ತೇನೆ ಎಂದು ಎರಡು ಸಲ ಹೇಳುವವರೆಗೂ ಹೊರಗೆ ಬರಲಿಲ್ಲ.

ಹದಿನಾಲ್ಕನೆಯ ದಿನ ಡಾಕ್ಟರ್ ಸಬನೀಸರು ಬಂದರು. ಎಪ್ಪತ್ತೆಂಟು ವರ್ಷ, ಕೈಯಲ್ಲಿ ಕೋಲು. ಮೂರು ಮಹಡಿ ಹತ್ತಲು ಅವರಿಗೆ ಬಹಳ ಹೊತ್ತು ಹಿಡಿಯಿತು. ಇಂದೂ ಕುರ್ಚಿ ತಂದು ಎರಡನೇ ಮಹಡಿಯಲ್ಲಿ ಕೂರಿಸಿ ಸುಧಾರಿಸಿಕೊಳ್ಳಲು ಬಿಡಬೇಕಾಯಿತು. ಒಳಗೆ ಬಂದು ಅವಧೂತನ ಫೋಟೋದ ಮುಂದೆ ಕೈಮುಗಿದು, ಕೂತು, ಅವರು ಕೇಳಿದ್ದು ಒಂದೇ ಮಾತು. ನನಗೆ ಯಾಕೆ ಫೋನು ಮಾಡಲಿಲ್ಲ, ನರ್ಮದಾಬಾಯಿ?

ಕಿವಿ ಕೇಳದವರಿಗೆ ಉತ್ತರ ಹೇಳಲು ಅವಳು ದನಿ ಎತ್ತಬೇಕಾಯಿತು. ಹೀಗಾಗಿ ಪಕ್ಕದ ಮನೆಗೂ ಕೇಳಿಸಿತು. ನಿಮ್ಮ ಮನೆಗೆ ಫೋನು ಮಾಡಿದವರನ್ನೆಲ್ಲ ನಾನು ಬೈದವಳು, ಡಾಕ್ಟರ್ ಎಂದಳು. ನನ್ನ ಮನೆಯವರಿಗಾಗಿ ನಾನು ಹೇಗೆ ಮಾಡಲಿ? ಎಲ್ಲ ಮರಾಠಿಯಲ್ಲೇ. ಆದರೆ ಅದರ ಮುಂದಿನ ಮಾತು ಅವಳಿಗೆ ಮರಾಠಿಯಲ್ಲಿ ಬರಲಿಲ್ಲ.

"ಇಪ್ಪತ್ತನಾಲ್ಕು ವರ್ಷ ಮಂದಿ ಮುಖಾ ನೋಡಿದೆ," ಎಂದಳು ಕನ್ನಡದಲ್ಲಿ, ಯಾರಿಗೆಂದಿಲ್ಲದೆ. "ಬಾಜೂಕ ಕೂತವರ ಮುಖಾ ನೋಡ್ಲಿಲ್ಲ."

ಡಾಕ್ಟರಿಗೆ ಕನ್ನಡ ಬಾರದು. ಏನೆಂದಳು ಎಂದು ಅವರು ನೀಲಿಮಾಳ ಕಡೆ ನೋಡಿದರು. ನೀಲಿಮಾ ಹೇಳಲಿಲ್ಲ. ಅವರು ನೀರು ಕೇಳಿದರು.

ಒಂದು ತಿಂಗಳು ನೀಲಿಮಾ ಅವ್ವನನ್ನು ವಾಕಡಕ್ಕೆ ಕರೆದುಕೊಂಡು ಹೋಗಿ ಇಟ್ಟುಕೊಂಡಳು. ಏಪ್ರಿಲ್‌ನಲ್ಲಿ ನರ್ಮದಾ ಬಿಬವೇವಾಡಿಗೆ ವಾಪಸು ಬಂದಳು. ಅಡಿಗೆ ಒಂದು ಹೊತ್ತು ಮಾಡಿ ಎರಡು ಹೊತ್ತು ಉಣ್ಣುತ್ತಾಳೆ. ಮೆಂತ್ಯ ಸೊಪ್ಪು ತರುವುದಿಲ್ಲ.

ಜೂನ್‌ನಲ್ಲಿ ಅವಳ ಬಿ.ಪಿ. ತಪಾಸಣೆಯ ದಿನ ಬಂತು. ನೀಲಿಮಾ ಎಂಟಕ್ಕೆ ಎದ್ದು ಕೂತು ಬೆಳಿಗ್ಗೆ ಹತ್ತೂವರೆಯ ಸಮಯ ಹಿಡಿದು, ತಪ್ಪಿಸಬೇಡ ಅವ್ವಾ ಎಂದು ಮೂರು ಸಲ ಹೇಳಿದಳು. ನರ್ಮದಾ ಸೀರೆ ಉಟ್ಟು, ಕೊಡೆ ಹಿಡಿದು ಹೊರಟಳು. ದವಾಖಾನೆಯ ಎದುರಿನ ಫುಟ್‌ಪಾತಿನವರೆಗೆ ಹೋದಳು. ಗಾಜಿನ ಬಾಗಿಲಿನಾಚೆ ಕುರ್ಚಿಗಳಲ್ಲಿ ಜನ ಕೂತಿದ್ದು ಕಾಣುತ್ತಿತ್ತು, ಮುಖಗಳು ಸರಿಯಾಗಿ ಕಾಣುತ್ತಿರಲಿಲ್ಲ. ಅವಳು ಅಲ್ಲಿ ಹತ್ತು ನಿಮಿಷ ನಿಂತಳು. ಆಮೇಲೆ ಮೂಲೆಯ ಔಷಧಿ ಅಂಗಡಿಗೆ ಹೋಗಿ ಪರ್ಸಿನಿಂದ ಖಾಲಿ ಗುಳಿಗೆ ಪಟ್ಟಿ ತೆಗೆದು ತೋರಿಸಿದಳು. ಅಂಗಡಿಯವನು ಡಾಕ್ಟರ ಚೀಟಿ ಕೇಳಲಿಲ್ಲ. ಅಂಥದೇ ಮೂರು ಪಟ್ಟಿ ಕಾಗದದ ಚೀಲಕ್ಕೆ ಹಾಕಿ ಕೊಟ್ಟ.

ಮನೆಗೆ ಬಂದು ಕೊಡೆ ಒಣಹಾಕುತ್ತಿದ್ದಾಗ ನೀಲಿಮಾಳ ಫೋನು ಬಂತು. ಡಾಕ್ಟರು ಏನೆಂದರು ಎಂದು ಕೇಳಿದಳು.

"ಎಲ್ಲಾ ಬರೋಬರಿ ಅದ ಅಂದ್ರು," ಎಂದಳು ನರ್ಮದಾ. "ಅದೇ ಗುಳಿಗಿ ಮುಂದುವರಸ್ರಿ ಅಂದ್ರು."

ಬಹಳ ಹೊತ್ತು ಕಾಯಬೇಕಾಯಿತೇ ಎಂದು ಮಗಳು ಕೇಳಿದಳು. ಇಲ್ಲ, ಹೋದ ಕೂಡಲೇ ಕರೆದರು ಎಂದು ಹೇಳಿ ನರ್ಮದಾ ಫೋನಿಟ್ಟಳು.